ಎರಡು ಕಾರ್ಡಿನ ದಪ್ಪದಲ್ಲೊಂದು ಚಾಕು

ಬೆಟ್ಟ ಇಳಿಯುವಾಗ ಸ್ನೇಹಿತನ ಕಾಲು ಉಳುಕಿತು. ಪಾದ ಬಾತುಕೊಳ್ಳುವ ಮೊದಲೇ ಬಿಗಿಯಾಗಿ ಪಟ್ಟಿ ಸುತ್ತಬೇಕಿತ್ತು. ಅಂಟುಪಟ್ಟಿಯ ಸುರುಳಿ ನನ್ನ ಚೀಲದಲ್ಲಿತ್ತು, ಅದನ್ನು ಕತ್ತರಿಸಲು ಏನೂ ಇರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಪಟ್ಟಿ ಉದ್ದಕ್ಕೆ ಸೀಳಿತು, ಎಳೆ ಬಿಟ್ಟುಕೊಂಡಿತು, ತನಗೆ ತಾನೇ ಅಂಟಿಕೊಂಡು ಹಗ್ಗದಂತಾಯಿತು. ಅರ್ಧ ಸುರುಳಿ ಹಾಳಾದ ಮೇಲೆ ಒಂದು ಕಟ್ಟು ಬಿಗಿಯಾಯಿತು. ನನ್ನ ಒಳ್ಳೆಯ ಚಾಕು ಅಂದು ಮನೆಯಲ್ಲಿತ್ತು. ಎಲ್ಲಿಗೆ ಹೋದರೂ ತಪ್ಪದೆ ನನ್ನ ಜೊತೆಗಿರುವುದು ಪರ್ಸು ಒಂದೇ. ಆದ್ದರಿಂದ ಚಾಕು ಇರಬೇಕಾದದ್ದು ಪರ್ಸಿನಲ್ಲಿ ಎಂದು ಅಂದೇ ತೀರ್ಮಾನಿಸಿದೆ.

ಪರ್ಸಿನಲ್ಲಿ ಹಿಡಿಸುವ ತುರ್ತುಸಾಮಗ್ರಿ ಎಂದರೆ ಸೂಜಿ, ನೂಲು, ತೆಳು ತಂತಿ, ಚಪ್ಪಟೆಯಾಗಿ ಸುತ್ತಿದ ಅಂಟುಪಟ್ಟಿ, ಒಂದೆರಡು ನೀರು ಶುದ್ಧಿಯ ಮಾತ್ರೆ. ಇವೆಲ್ಲ ಸುಲಭವಾಗಿ ಸೇರಿಕೊಳ್ಳುತ್ತವೆ. ತೊಡಕಿರುವುದು ಚಾಕುವಿನಲ್ಲಿ ಮಾತ್ರ. ಬ್ಯಾಂಕ್ ಕಾರ್ಡಿನ ಅಳತೆ ಜಗತ್ತಿನಲ್ಲೆಲ್ಲ ಒಂದೇ: 85.60 ಮಿ.ಮೀ. ಉದ್ದ, 53.98 ಮಿ.ಮೀ. ಅಗಲ, 0.76 ಮಿ.ಮೀ. ದಪ್ಪ. ಒರೆಯೂ ಸೇರಿ ಎರಡು ಕಾರ್ಡಿನ ದಪ್ಪವನ್ನು, ಅಂದರೆ ಒಂದೂವರೆ ಮಿಲಿಮೀಟರನ್ನು, ಹೆಚ್ಚು ಮೀರಬಾರದು ಎಂದು ನನಗೆ ನಾನೇ ಗೆರೆ ಎಳೆದುಕೊಂಡೆ. ವಿಕ್ಟೊರಿನಾಕ್ಸ್ ಕಂಪನಿಯ ಸ್ವಿಸ್‌ಕಾರ್ಡ್ ಬಹಳ ಅಚ್ಚುಕಟ್ಟಾದ ವಸ್ತು. ಆದರೆ ಅದರ ದಪ್ಪ 4.5 ಮಿ.ಮೀ., ಹೆಚ್ಚುಕಡಿಮೆ ಆರು ಕಾರ್ಡುಗಳಷ್ಟು. ಪರ್ಸನ್ನು ಉಬ್ಬಿಸುವ ಯಾವುದನ್ನೂ ನಾನು ಎರಡನೆಯ ವಾರ ತೆಗೆದು ಮೇಜಿನ ಮೇಲೆ ಇಟ್ಟುಬಿಡುತ್ತೇನೆ ಎಂಬುದು ನನಗೆ ಗೊತ್ತಿದೆ. ಮೇಜಿನ ಮೇಲೆ ಉಳಿದ ಚಾಕು ಬೆಟ್ಟದ ಮೇಲೆ ಕತ್ತರಿಸುವುದಿಲ್ಲ.

ಮೊದಲು ಸಿದ್ಧ ಅಲಗುಗಳನ್ನೇ ನೋಡಿದೆ. ಎರಡು ಬಾಯಿಯ ಕ್ಷೌರದ ಬ್ಲೇಡಿನ ದಪ್ಪ 0.1 ಮಿ.ಮೀ. ಹರಿತದಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಒಣ ಕಡ್ಡಿಯ ಮೇಲೆ ಇಟ್ಟು ಒತ್ತಿದರೆ ಬಾಳೆಸಿಪ್ಪೆಯಂತೆ ಬಳುಕುತ್ತದೆ. ಕಾಗದ ಕತ್ತರಿಸುವ ಕಟರಿನ ಒಂಬತ್ತು ಮಿ.ಮೀ. ಅಗಲದ ಅಲಗು ಸುಮಾರು 0.4 ಮಿ.ಮೀ. ದಪ್ಪವಿರುತ್ತದೆ. ತುಂಡು ತುಂಡಾಗಿ ಮುರಿಯಲೆಂದೇ ಅದರ ಮೇಲೆ ಗೆರೆ ಕೊರೆದಿರುತ್ತಾರೆ, ಕೆಲಸದ ನಡುವೆ ಅದು ಆ ಗೆರೆಯಲ್ಲೇ ಮುರಿಯುತ್ತದೆ. ಇಲ್ಲಿ ಒಂದು ಲೆಕ್ಕ ನನಗೆ ದಾರಿ ತೋರಿಸಿತು. ಒಂದೇ ಅಗಲದ ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು. ಲೋಹ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.65 ಮಿ.ಮೀ. ಕ್ಷೌರದ ಬ್ಲೇಡಿಗಿಂತ ಆರೂವರೆ ಪಟ್ಟು ದಪ್ಪ, ಆದರೆ ಬಾಗಿಸಲು ಸುಮಾರು 275 ಪಟ್ಟು ಬಲ ಬೇಕು. ಕಟರಿನ ಅಲಗಿಗೆ ಹೋಲಿಸಿದರೂ ನಾಲ್ಕು ಪಟ್ಟಿಗಿಂತ ಹೆಚ್ಚು ಬಿಗುವು. ಅದರ ಅಗಲ ಹನ್ನೆರಡೂವರೆ ಮಿ.ಮೀ. ಆಸುಪಾಸು, ತುದಿಯಲ್ಲಿ ಚೌಕಟ್ಟಿಗೆ ಸಿಕ್ಕಿಸುವ ತೂತು ಮೊದಲೇ ಇರುತ್ತದೆ. ಗಟ್ಟಿ ಉಕ್ಕಿನಲ್ಲಿ ತೂತು ಕೊರೆಯುವ ಕಷ್ಟವನ್ನು ಯಾರೋ ನಮಗಾಗಿ ಪಟ್ಟಿದ್ದಾರೆ. ಅದನ್ನು ಬಿಡುವುದುಂಟೇ? ತೂತು ಹಿಡಿಯ ಕಡೆ ಬರುವಂತೆ ತುದಿಯಿಂದಲೇ 80 ಮಿ.ಮೀ. ಅಳೆದು ಗುರುತು ಹಾಕಿದೆ.

ಮೊದಲನೆಯ ಚಾಕು ಒಂದು ಭಾನುವಾರವನ್ನು ತಿಂದಿತು. ಹಲ್ಲಿನ ಕಡೆಯನ್ನು ಹಾಗೆಯೇ ಬಿಟ್ಟು ನುಣುಪಾದ ಬೆನ್ನಿನ ಕಡೆ ಬಾಯಿ ತೆಗೆದೆ. ಒಂದೇ ಅಲಗಿನಲ್ಲಿ ಚಾಕುವೂ ಆಯಿತು, ಗರಗಸವೂ ಆಯಿತು ಎಂದು ಹಿಗ್ಗಿದೆ. ಕಾಗದವನ್ನು ಅದು ಸರ್ರನೆ ಸೀಳಿತು. ಒಣ ಕಡ್ಡಿಯನ್ನು ಹತ್ತು ಬಾರಿ ಹೆರೆದೆ, ಬಾಯಿ ಮಡಚಿಕೊಂಡಿತು. ಉಗುರನ್ನು ಅಂಚಿನ ಮೇಲೆ ಅಡ್ಡ ಎಳೆದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಗೀರುವ ತಂತಿ. ಮತ್ತೆ ಮಸೆದೆ, ಮತ್ತೆ ಮಡಚಿತು. ಚಿಕ್ಕಪ್ಪ ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅವರ ಕೈಗೆ ಕೊಟ್ಟೆ. ಅವರು ಅಲಗನ್ನು ಬೆಳಕಿಗೆ ಹಿಡಿದು, ಬಿಲ್ಲಿನಂತೆ ಬಗ್ಗಿಸಿ ಬಿಟ್ಟರು. ಅದು ನೇರವಾಗಿ ನಿಂತಿತು.

“ಬೆನ್ನಿಗೆ ಬಾಯಿ ಮಾಡಿದ್ದೀಯಲ್ಲಪ್ಪಾ,” ಎಂದರು. “ಇದು ಎರಡು ಲೋಹದ ಬ್ಲೇಡು. ಗಟ್ಟಿ ಉಕ್ಕು ಇರುವುದು ಹಲ್ಲಿನ ತುದಿಯಲ್ಲಿ ಮಾತ್ರ. ಬೆನ್ನು ಬರೀ ಸ್ಪ್ರಿಂಗು, ಮುರಿಯಬಾರದು ಅಂತ ಹಾಕಿರುವುದು.”

“ಹಾಗಾದರೆ ಹಲ್ಲನ್ನು ತೇದು ಆ ಕಡೆ ಬಾಯಿ ಮಾಡಲೇ, ಚಿಕ್ಕಪ್ಪಾ?”

“ಹಲ್ಲು ತೇದರೆ ಗಟ್ಟಿ ಉಕ್ಕೂ ತೇದುಹೋಯಿತಲ್ಲ. ಪೂರ್ತಿ ಗಟ್ಟಿ ಬ್ಲೇಡು ತೆಗೆದುಕೊ. ಆದರೆ ಅದನ್ನು ತಿರುಚಿದೆಯೋ, ಗಾಜು ಒಡೆದ ಹಾಗೆ ಒಡೆಯುತ್ತದೆ.”

ಹ್ಯಾಕ್ಸಾ ಬ್ಲೇಡಿನಿಂದ ಚಾಕು ಮಾಡಹೊರಟವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಎರಡೂ ನೋಡಲು ಒಂದೇ ರೀತಿ ಇರುತ್ತವೆ. ಪರೀಕ್ಷೆ ಸುಲಭ: ಬೆನ್ನಿನ ಅಂಚಿನ ಮೇಲೆ ಅರವನ್ನು ಎಳೆಯಬೇಕು. ಅರ ತುಸುವಾದರೂ ಕಚ್ಚಿ ಪುಡಿ ಉದುರಿದರೆ ಅದು ಎರಡು ಲೋಹದ್ದು. ಗಾಜಿನ ಮೇಲೆ ಜಾರಿದಂತೆ ಕಿರ್ರೆಂದು ಜಾರಿದರೆ ಪೂರ್ತಿ ಗಟ್ಟಿಯದು, ಅಂದರೆ ಇಡೀ ಬ್ಲೇಡೇ ಹೈಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನದು. ಬಗ್ಗಿಸಿ ನೋಡುವ ಪರೀಕ್ಷೆಯನ್ನು ಚಿಕ್ಕಪ್ಪನವರ ಕೈಗೇ ಬಿಡುವುದು ಒಳ್ಳೆಯದು.

ಎರಡನೆಯ ಭಾನುವಾರ ಪೂರ್ತಿ ಗಟ್ಟಿ ಬ್ಲೇಡನ್ನು ತಂದು, ಉದ್ದವನ್ನು ಗುರುತಿಸಿ, ವೈಸಿಗೆ ಬಿಗಿದು ಇಕ್ಕಳದಿಂದ ಮುರಿದೆ. ಓರೆಯಾಗಿ ಸೀಳಿ 80ರ ಬದಲು 66 ಮಿ.ಮೀ. ತುಂಡು ಕೈಗೆ ಬಂತು. ಇನ್ನೊಂದು ಚೂರು ಗೋಡೆಗೆ ಬಡಿದ ಸದ್ದು ಮಾತ್ರ ಕೇಳಿಸಿತು, ಚೂರು ಎಲ್ಲಿಗೆ ಹಾರಿತೆಂದು ಸಂಜೆಯವರೆಗೆ ಸಿಗಲಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡಿದ್ದೆ. ಈ ಕೆಲಸಕ್ಕೆ ಇಳಿಯುವವರು ಇದೊಂದನ್ನು ಮಾತ್ರ ಮರೆಯಬೇಡಿ. ಸರಿಯಾದ ಕ್ರಮವೆಂದರೆ, ಮುರಿಯಬೇಕಾದ ಗೆರೆಯುದ್ದಕ್ಕೂ ಕತ್ತರಿಸುವ ಚಕ್ರದ ಅಂಚಿನಿಂದ ಎರಡೂ ಬದಿ ಗೀರಬೇಕು, ಒಂದೊಂದು ಬದಿಯೂ ದಪ್ಪದ ಮೂರನೆಯ ಒಂದು ಪಾಲಿನಷ್ಟು ಆಳ. ಆ ಗೀರು ವೈಸಿನ ದವಡೆಗೆ ಸರಿಯಾಗಿ ಕೂರಬೇಕು, ಮೇಲೆ ದಪ್ಪ ಬಟ್ಟೆ ಹೊದಿಸಿ ಒಂದೇ ಸಲಕ್ಕೆ ಮುರಿಯಬೇಕು. ಮೂರನೆಯ ಬ್ಲೇಡು ಹೀಗೆ ಟಕ್ಕೆಂದು ಗೆರೆಯಲ್ಲೇ ತುಂಡಾಯಿತು.

ಗ್ರೈಂಡರಿನಲ್ಲಿ ಮೊದಲು ಹಲ್ಲುಗಳನ್ನೆಲ್ಲ ಸವೆಸಿದೆ. ಅಗಲ ಹನ್ನೊಂದೂವರೆಗೆ ಇಳಿಯಿತು. ಹಲ್ಲುಗಳನ್ನು ಸ್ವಲ್ಪ ಉಳಿಸಿಕೊಳ್ಳುವ ಆಸೆ ಇತ್ತು. ಆದರೆ ಹ್ಯಾಕ್ಸಾ ಹಲ್ಲುಗಳು ಎಡಕ್ಕೂ ಬಲಕ್ಕೂ ಅಲೆಯಂತೆ ಬಾಗಿರುತ್ತವೆ, ಅಲಗಿನ ಮೈಗಿಂತ ದಪ್ಪವಾಗಿರುತ್ತವೆ. ಪರ್ಸಿನ ಬಟ್ಟೆಯನ್ನು ಅವು ದಿನಾ ಕೊರೆಯುತ್ತವೆ. ಬಿಟ್ಟುಬಿಟ್ಟೆ.

ಉಕ್ಕನ್ನು ಕಾಯಿಸಿ ಹದ ಹಾಕುವ ಕೆಲಸ ಇಲ್ಲಿಲ್ಲ. ಬಂದ ಹದವನ್ನು ಕಳೆಯದಿದ್ದರೆ ಸಾಕು. ಸಾದಾ ಇಂಗಾಲದ ಉಕ್ಕಾದರೆ ಚಕ್ರದ ಬಿಸಿಗೆ ಅಂಚು ಹುಲ್ಲಿನ ಹಳದಿಯಾಗಿ, ಕಂದಾಗಿ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀಲಿಯಾಗುತ್ತದೆ. ನೀಲಿಯಾದ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ. ಹೈಸ್ಪೀಡ್ ಸ್ಟೀಲ್ ಸುಮಾರು 600 ಡಿಗ್ರಿಯವರೆಗೆ ತನ್ನ ಗಟ್ಟಿತನವನ್ನು ಬಿಟ್ಟುಕೊಡುವುದಿಲ್ಲ. ಲೋಹ ಕೊಯ್ಯುವಾಗಿನ ಬಿಸಿಯನ್ನು ತಡೆಯಲೆಂದೇ ಅದನ್ನು ಮಾಡಿರುವುದು. ಹಾಗೆಂದು ನಾನು ಸಲಿಗೆ ತೆಗೆದುಕೊಳ್ಳಲಿಲ್ಲ. ಅಂಚು ತೆಳುವಾದಂತೆ ಬಿಸಿ ಹರಿದುಹೋಗಲು ಉಕ್ಕೇ ಉಳಿದಿರುವುದಿಲ್ಲ. ಕೈಗವಸಿಲ್ಲದೆ ಹಿಡಿದೆ, ಬೆರಳು ಸುಡುವ ಮೊದಲೇ ನೀರಿಗೆ ಅದ್ದಿದೆ. ಚಕ್ರದಿಂದ ಓರೆ ಮುಖವನ್ನು ಒರಟಾಗಿ ಮುಕ್ಕಾಲು ಪಾಲು ಇಳಿಸಿ ಅಲ್ಲಿಗೆ ನಿಲ್ಲಿಸಿದೆ. ಉಳಿದದ್ದು ವಜ್ರದ ಪುಡಿ ಹಚ್ಚಿದ ಮಸೆಯುವ ಫಲಕದ ಕೆಲಸ. ಅರ ಹಿಡಿಯದ ಈ ಉಕ್ಕನ್ನು ಅದು ಸಲೀಸಾಗಿ ಹಿಡಿಯುತ್ತದೆ.

ಓರೆಯ ಕೋನ ಎಷ್ಟಿರಬೇಕು? ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಪ್ರಿಯವಾದದ್ದು. ಅವಧಿ ಮುಗಿದ ಕಾರ್ಡಿನಿಂದ ಸಣ್ಣ ಪಟ್ಟಿಗಳನ್ನು ಕತ್ತರಿಸಿ, ಮೂರನ್ನು ಒಂದರ ಮೇಲೊಂದು ಅಂಟಿಸಿದೆ. ದಪ್ಪ 2.28 ಮಿ.ಮೀ. ಅದನ್ನು ಅಲಗಿನ ಬೆನ್ನಿನ ಅಂಚಿಗೆ ಅಡಿಯಿಂದ ಅಂಟಿಸಿ ಫಲಕದ ಮೇಲೆ ಮಲಗಿಸಿದರೆ, ಹನ್ನೊಂದೂವರೆ ಮಿ.ಮೀ. ಅಗಲದ ಅಲಗು ಸುಮಾರು 11 ಡಿಗ್ರಿ ವಾಲಿ ನಿಲ್ಲುತ್ತದೆ. ನಾಲ್ಕು ಪಟ್ಟಿ ಇಟ್ಟರೆ ಸುಮಾರು 15. ಕೈ ನಡುಗಿದರೂ ಕೋನ ನಡುಗುವುದಿಲ್ಲ. ಓರೆ ಮುಖಕ್ಕೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ನಾಲ್ಕು ಸಲ ಉಜ್ಜಿದರೆ, ಕಪ್ಪು ಉಳಿದ ಕಡೆ ಫಲಕ ತಾಗಿಲ್ಲವೆಂದು ಕಣ್ಣಿಗೇ ಕಾಣುತ್ತದೆ. ಎರಡೂ ಬದಿ 11 ಡಿಗ್ರಿಯಲ್ಲಿ ಸುಮಾರು 1.6 ಮಿ.ಮೀ. ಅಗಲದ ಓರೆ ಬರುವವರೆಗೆ ಮಸೆದೆ. ಅಂಚಿನುದ್ದಕ್ಕೂ ತೆಳು ಉಕ್ಕಿನ ಎಳೆ ಎದ್ದಿತು, ಬೆರಳತುದಿಗೆ ಕೂದಲು ತಾಗಿದಂತೆ ತಿಳಿಯುವಷ್ಟು. ಆಮೇಲೆ ನಾಲ್ಕನೆಯ ಪಟ್ಟಿ ಸೇರಿಸಿ, ತುದಿಯಂಚನ್ನು ಮಾತ್ರ 15 ಡಿಗ್ರಿಯಲ್ಲಿ ಹತ್ತಾರು ಬಾರಿ ಹಗುರವಾಗಿ ಎಳೆದೆ. ಪೆಡಸಾದ ಉಕ್ಕಿಗೆ ಈ ಕೊನೆಯ ದಪ್ಪ ಕೋನ ಬೇಕೇ ಬೇಕು, ಇಲ್ಲವಾದರೆ ಬಾಯಿ ಮಡಚದೆ ಚೂರುಚೂರಾಗಿ ಉದುರುತ್ತದೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒರಟು ಬದಿಗೆ ಹೊಳಪಿನ ಹಸಿರು ಪೇಸ್ಟ್ ಸವರಿ, ಬಾಯಿಯನ್ನು ಹಿಂದಕ್ಕೆ ಎಳೆದು ಆ ಎಳೆಯನ್ನು ಕಳೆದೆ.

ಬೆನ್ನಿನ ಮುಂಭಾಗದ 20 ಮಿ.ಮೀ. ಅಂಚನ್ನು ಚೌಕವಾಗಿ, ಚೂಪಾಗಿ ಉಳಿಸಿದೆ. ಬೆಂಕಿ ಹೊತ್ತಿಸಲು ಬಳಸುವ ಫೆರೋಸೀರಿಯಂ ಕಡ್ಡಿಯನ್ನು ಅದರಿಂದ ಗೀರಿದರೆ ಕಿಡಿ ಸುರಿಯುತ್ತದೆ, ಬಾಯಿಯನ್ನು ಹಾಳುಮಾಡುವ ಅಗತ್ಯವಿಲ್ಲ. ಉಳಿದ ಬೆನ್ನನ್ನೆಲ್ಲ ಉಜ್ಜುಕಾಗದದಿಂದ ದುಂಡಗೆ ಮಾಡಿದೆ.

ಅಲಗು ಸಿದ್ಧವಾಯಿತು. ತೂಕ ಐದು ಗ್ರಾಮಿಗಿಂತ ಕಡಿಮೆ. ಕಾಗದ, ದಾರ, ಅಂಟುಪಟ್ಟಿ ಎಲ್ಲವೂ ಬೆಣ್ಣೆಯಂತೆ ಕೊಯ್ದುಕೊಂಡವು. ಹೆಬ್ಬೆರಳ ದಪ್ಪದ ಒಣ ಕಡ್ಡಿಯನ್ನು ಹೆರೆಯಲು ಕುಳಿತೆ. ಹತ್ತು ನಿಮಿಷಕ್ಕೆ ತೋರುಬೆರಳಿನ ಮೇಲೆ ಎರಡು ಕೆಂಪು ಗೆರೆಗಳು ಎದ್ದವು. ಬಾಯಿ ಒಂದಿಷ್ಟೂ ಮೊಂಡಾಗಿರಲಿಲ್ಲ. ಸೋತದ್ದು ಕೈ. ಪ್ರತಿ ಬಾರಿ ಒತ್ತುವಾಗಲೂ ಆ ತಗಡು ಬೆರಳುಗಳ ನಡುವೆ ತುಸು ಹೊರಳುತ್ತದೆ, ಅದನ್ನು ತಡೆಯಲು ಬೆರಳು ಇನ್ನಷ್ಟು ಬಿಗಿಯುತ್ತದೆ, ಬಿಗಿದಷ್ಟೂ ಉಕ್ಕಿನ ಅಂಚು ಚರ್ಮಕ್ಕೆ ಕಚ್ಚುತ್ತದೆ. ಎರಡು ವಾರ ನಾನು ಉಕ್ಕಿನ ಜಾತಿ, ಕೋನ, ಹರಿತ ಎಂದು ತಲೆಕೆಡಿಸಿಕೊಂಡಿದ್ದೆ. ತೆಳು ಚಾಕುವಿನ ನಿಜವಾದ ತೊಡಕು ಬಾಯಲ್ಲಿಲ್ಲ, ಹಿಡಿಯಲ್ಲಿದೆ. ಅಂಗೈಗೆ ಸಿಕ್ಕದ ಅಲಗಿಗೆ ಎಷ್ಟು ಹರಿತ ಬಂದರೂ ಕೈಯ ಬಲ ಅದಕ್ಕೆ ತಲುಪುವುದೇ ಇಲ್ಲ.

ಚರ್ಮದ ಪಟ್ಟಿ ಅಂಟಿಸಿ ನೋಡಿದೆ. ಮೂರು ಮಿ.ಮೀ. ದಾಟಿತು, ಕಿತ್ತುಹಾಕಿದೆ. ಪ್ಲಾಸ್ಟಿಕ್ ತುಂಡುಗಳನ್ನು ಎರಡೂ ಬದಿ ಅಂಟಿಸಿದೆ. ದಪ್ಪ ಮಿತಿಯಲ್ಲಿತ್ತು, ಹಿಡಿತ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ದಾರಿ ಸಿಕ್ಕಿದ್ದು ಬಹಳ ಹಳೆಯ ಕಡೆಯಿಂದ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ಬಳಿ ಒಂದು ಸಣ್ಣ ಚಾಕು ಇತ್ತು. ಚಕಮಕಿ ಕಲ್ಲಿನ ಕಿರಿದಾದ ಅಲಗನ್ನು ಮರದ ಹಿಡಿಗೆ ಸಿಕ್ಕಿಸಿ, ಪ್ರಾಣಿಯ ಸ್ನಾಯುರಜ್ಜುವಿನಿಂದ ಸುತ್ತಿ ಬಿಗಿದಿದ್ದರು. ಹಿಡಿಯ ತುದಿಗೆ ಒಂದು ದಾರ, ಜೊತೆಗೆ ಮರದ ನಾರಿನಿಂದ ಹೆಣೆದ ಒರೆ. ಅದರ ಚಿತ್ರವನ್ನು ನೋಡಿ ಬಹಳ ಹೊತ್ತು ಕುಳಿತೆ. ಹೊತ್ತೊಯ್ಯಬೇಕಾದದ್ದು ಅಲಗು ಮತ್ತು ದಾರ ಮಾತ್ರ. ಹಿಡಿ ಕಾಡಿನಲ್ಲೇ ಸಿಗುತ್ತದೆ.

ಹಾಗಾಗಿ ಚಾಕುವಿಗೆ ಎರಡು ಹಿಡಿಗಳಾದವು. ಸಣ್ಣಪುಟ್ಟ ಕೆಲಸಕ್ಕೆ ದಾರದ ಕುಣಿಕೆ. ಹಿಡಿಯ ತುದಿಯ ತೂತಿನಲ್ಲಿ ತೆಳು ನೈಲಾನ್ ದಾರವನ್ನು ಜೋಡಿಯಾಗಿ ಹಾಯಿಸಿ, ಸುಮಾರು 11 ಸೆಂ.ಮೀ. ಉದ್ದದ ಕುಣಿಕೆ ಮಾಡಿದೆ. ಅದು ಕಿರುಬೆರಳು ಮತ್ತು ಉಂಗುರಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಅಲಗನ್ನು ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ಹಿಡಿದಾಗ ದಾರ ಬಿಗಿಯಾಗಬೇಕು. ಈ ಉದ್ದ ಪ್ರತಿಯೊಬ್ಬರ ಕೈಗೂ ಬೇರೆ, ಹಾಕಿ ಬಿಚ್ಚಿ ನೋಡಿಯೇ ಗಂಟು ಕಟ್ಟಬೇಕು. ಈಗ ಎಳೆದು ಕೊಯ್ಯುವಾಗ ಎಳೆಯುವುದು ಇಡೀ ಕೈ, ಬೆರಳುಗಳು ದಿಕ್ಕನ್ನಷ್ಟೇ ನೋಡಿಕೊಳ್ಳುತ್ತವೆ. ಒದ್ದೆ ಕೈಯಿಂದ ಜಾರಿ ಬೀಳುವ ಭಯವೂ ಇಲ್ಲ.

ಒತ್ತಿ ಹೆರೆಯುವ ಕೆಲಸಕ್ಕೆ ಕಡ್ಡಿಯ ಹಿಡಿ. ಇದಕ್ಕಾಗಿ ಅಲಗಿನ ಹಿಂಭಾಗದಲ್ಲಿ, ಮೇಲೆ ಕೆಳಗೆ ಎದುರುಬದುರಾಗಿ, ಒಂದು ಮಿ.ಮೀ. ಆಳದ ಎರಡು ಜೊತೆ ಕಚ್ಚುಗಳನ್ನು ಮಾಡಿದೆ. ಕಚ್ಚಿನ ತಳ ದುಂಡಗಿರಲೇಬೇಕು. ಗಟ್ಟಿ ಉಕ್ಕಿನಲ್ಲಿ ಬಿರುಕು ಹುಟ್ಟುವುದೇ ಚೂಪು ಮೂಲೆಯಲ್ಲಿ. ಅಂಚುಗಳನ್ನೂ ನುಣುಪು ಮಾಡಬೇಕು, ಇಲ್ಲವಾದರೆ ನೂಲನ್ನು ಅವೇ ಕೊಯ್ಯುತ್ತವೆ. ಇನ್ನು ಕಡ್ಡಿ: ಹಸಿಯದು, ಸುಮಾರು 10 ಮಿ.ಮೀ. ದಪ್ಪ, ಗೇಣಿಗಿಂತ ತುಸು ಕಡಿಮೆ ಉದ್ದ. ದಪ್ಪದ ಈ ಅಳತೆ ಬೇಕೆಂದೇ ಆರಿಸಿದ್ದು. ಕಡ್ಡಿಯ ತುದಿಯನ್ನು ನಾಲ್ಕೈದು ಸೆಂ.ಮೀ. ಸೀಳಿ, ಅಲಗಿನ ಹಿಂಭಾಗವನ್ನು ಒಳಗೆ ತೂರಿಸಿದರೆ, ಹನ್ನೊಂದೂವರೆ ಅಗಲದ ಉಕ್ಕು ಕಡ್ಡಿಯ ಎರಡೂ ಬದಿಯಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟು ಹೊರಗೆ ಇಣುಕುತ್ತದೆ. ನೂಲನ್ನು ಕಚ್ಚಿನ ಮೇಲೆ ಸುತ್ತಿದಾಗ, ಇಣುಕಿದ ಆ ಉಕ್ಕು ನೂಲನ್ನು ಅತ್ತಿತ್ತ ಸರಿಯಲು ಬಿಡುವುದಿಲ್ಲ. ಕಡ್ಡಿ ದಪ್ಪವಾಗಿದ್ದರೆ ಕಚ್ಚು ಒಳಗೇ ಹೂತುಹೋಗುತ್ತದೆ, ಕಟ್ಟು ಜಾರುತ್ತದೆ. ಸೀಳುವಾಗ ಅಲಗನ್ನು ಇನ್ನೊಂದು ಕಡ್ಡಿಯಿಂದ ಬಡಿಯಬಾರದು, ತಿರುಚಲೂಬಾರದು. ಕಡ್ಡಿಯ ತಲೆಯ ಮೇಲಿಟ್ಟು ತೂಗುತ್ತಾ ಒತ್ತಿದರೆ ಹಸಿ ಕಡ್ಡಿ ತಾನಾಗಿ ಬಾಯಿ ಬಿಡುತ್ತದೆ, ಉಳಿದದ್ದನ್ನು ಬೆರಳಿನಿಂದ ಎಳೆದರೆ ಸಾಕು.

ಆ ಹಿಡಿ ಕೈಗೆ ಬಂದ ಮೇಲೆ ಅದೇ ಒಣ ಕಡ್ಡಿಯನ್ನು ಮತ್ತೆ ತೆಗೆದುಕೊಂಡೆ. ಮೊದಲ ಹೆರೆತಕ್ಕೇ ಕಾಗದದಷ್ಟು ತೆಳ್ಳಗಿನ ಸಿಪ್ಪೆ ಎದ್ದು ಸುರುಳಿ ಸುತ್ತಿತು, ತುದಿಯಲ್ಲಿ ಕಡ್ಡಿಗೆ ಅಂಟಿಕೊಂಡು ನಿಂತಿತು. ಅದರ ಮೇಲೆ ಇನ್ನೊಂದು, ಮತ್ತೊಂದು. ಕಾಲು ಗಂಟೆಯಲ್ಲಿ ಕಡ್ಡಿಯ ತುದಿ ಹೂವಿನಂತೆ ಬಿರಿಯಿತು. ಒಂದು ಬೆಂಕಿಕಡ್ಡಿಗೆ ಅದು ಹೊತ್ತಿಕೊಂಡಿತು. ಬೆರಳಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಕಟ್ಟು ಮಾತ್ರ ತುಸು ಸಡಿಲಾಗಿತ್ತು. ನೂಲಿಗೆ ಮೇಣ ಉಜ್ಜಿ ಸುತ್ತಿದ ಮೇಲೆ ಅದೂ ನಿಂತಿತು.

ಒರೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಫೈಲಿನ ಪ್ಲಾಸ್ಟಿಕ್ ಹೊದಿಕೆಯಿಂದ 0.3 ಮಿ.ಮೀ. ದಪ್ಪದ ಎರಡು ಹಾಳೆಗಳನ್ನು ಕಾರ್ಡಿನ ಅಳತೆಗೆ ಕತ್ತರಿಸಿ, ನಡುವೆ ಹಳೆಯ ಕಾರ್ಡಿನ ಪಟ್ಟಿಗಳನ್ನು ಅಲಗಿನ ಸುತ್ತ ಚೌಕಟ್ಟಿನಂತೆ ಅಂಟಿಸಿದೆ. ಬಾಯಿ ತಾಗುವುದು ಈ ಪಟ್ಟಿಗೆ, ಹಾಗಾಗಿ ಅದು ಹಾಳೆಯನ್ನು ಕೊಯ್ದು ಹೊರಬರುವುದಿಲ್ಲ. ಪಕ್ಕದಲ್ಲಿ ಉಳಿದ ಜಾಗದಲ್ಲಿ ಎರಡು ಸೂಜಿ, ಮೇಣ ಹಚ್ಚಿದ ನೂಲು ಒಂದೇ ಪದರವಾಗಿ, ದಾರದ ಕುಣಿಕೆ ಕೂತವು. ಅಂಚಿನ ಟೇಪು ಸೇರಿ, ದಪ್ಪ ಅಳೆಯುವ ವರ್ನಿಯರ್ 1.6 ಮಿ.ಮೀ. ತೋರಿಸಿತು.

ಈ ಪರ್ಸನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಡುವುದನ್ನು ನಿಲ್ಲಿಸಿದ್ದೇನೆ. ಮೇಲೆ ಕುಳಿತರೆ ಎರಡು ಲೋಹದ ಬ್ಲೇಡು ಬಾಗೀತು, ಇದು ಮುರಿಯುತ್ತದೆ. ವಿಮಾನ ಹತ್ತುವ ದಿನ ಒರೆಸಮೇತ ತೆಗೆದು, ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಿ ಇಡುತ್ತೇನೆ. ಕೈಚೀಲದಲ್ಲಾಗಲಿ ಜೇಬಿನಲ್ಲಾಗಲಿ ಅಲಗನ್ನು ಒಳಗೆ ಬಿಡುವುದಿಲ್ಲ.

ಮೂರು ವಾರದ ನಂತರ ಹೊರತೆಗೆದು ನೋಡಿದೆ. ಬಾಯಿ ಹಾಗೆಯೇ ಇತ್ತು. ದಾರ ತಾಗುತ್ತಿದ್ದ ತೂತಿನ ಸುತ್ತ ಸಾಸಿವೆಯಷ್ಟು ಕಂದು ಚುಕ್ಕೆಗಳಿದ್ದವು. ಹೈಸ್ಪೀಡ್ ಸ್ಟೀಲಿನಲ್ಲಿ ಕ್ರೋಮಿಯಂ ಸಾಮಾನ್ಯವಾಗಿ ಶೇ. 4ರಷ್ಟು, ತುಕ್ಕು ಹಿಡಿಯದ ಉಕ್ಕು ಎನಿಸಿಕೊಳ್ಳಲು ಶೇ. 10.5 ಆದರೂ ಬೇಕು. ಮೈಯ ಬೆವರನ್ನು ದಾರ ಹೀರಿಕೊಂಡು ಅಲ್ಲೇ ಹಿಡಿದಿಟ್ಟಿತ್ತು. ಚುಕ್ಕೆಗಳನ್ನು ನುಣುಪು ಉಜ್ಜುಕಾಗದದಿಂದ ತೆಗೆದೆ. ಅಲಗನ್ನು ಬಿಸಿನೀರಿನಲ್ಲಿ ಬೆಚ್ಚಗಾಗಿಸಿ, ಒರೆಸಿ ಒಣಗಿಸಿ, ಜೇನುಮೇಣವನ್ನು ತೆಳುವಾಗಿ ಸವರಿದೆ. ದಾರವನ್ನು ಈಗ ತೂತಿನಿಂದ ಬಿಚ್ಚಿ ಪಕ್ಕದ ಜಾಗದಲ್ಲಿ ಇಡುತ್ತೇನೆ, ಬೇಕಾದಾಗ ಹಾಯಿಸಿ ಗಂಟು ಹಾಕಲು ಹತ್ತು ಸೆಕೆಂಡು ಸಾಕು. ಚಿಕ್ಕಪ್ಪ ತಮಗೂ ಒಂದು ಬೇಕೆಂದಿದ್ದಾರೆ. ಅವರ ಬೆರಳುಗಳು ನನ್ನವಕ್ಕಿಂತ ದಪ್ಪ, ಕುಣಿಕೆಯನ್ನು ಎರಡು ಸೆಂ.ಮೀ. ಹೆಚ್ಚು ಉದ್ದ ಇಡಬೇಕು.